ಇವತ್ತು ಆಟ ಎಲ್ಲಿ? ವೆಬ್‌ಸೈಟಿಗೆ ಫ್ರೇಮ್‌ವರ್ಕ್ ಆರಿಸುವ ಲೆಕ್ಕ

ಉಡುಪಿ ಕಡೆಯ ಒಂದು ಯಕ್ಷಗಾನ ಮೇಳಕ್ಕೆ ವೆಬ್‌ಸೈಟ್ ಬೇಕು ಅಂದುಕೊಳ್ಳಿ. ನವೆಂಬರ್ ಹೊತ್ತಿಗೆ ತಿರುಗಾಟ ಶುರುವಾದರೆ ಮೇ ತಿಂಗಳ ಪತ್ತನಾಜೆವರೆಗೆ ಹೆಚ್ಚುಕಡಿಮೆ ದಿನಾ ಆಟ. ಸಂಜೆಯಾದರೆ ಜನ ಕೇಳುವುದು ಇಷ್ಟೇ: ಇವತ್ತು ಆಟ ಎಲ್ಲಿ, ಪ್ರಸಂಗ ಯಾವುದು, ಇಡೀ ರಾತ್ರಿಯೋ ಕಾಲಮಿತಿಯೋ. ಇಷ್ಟನ್ನು ಹೇಳುವ ಸೈಟ್ ಮಾಡಲು ನಾಲ್ಕು ಜನ ಹುಡುಗರು ಕೂತರೆ ಮೊದಲ ಚರ್ಚೆ ಆಟದ ಬಗ್ಗೆ ಅಲ್ಲವೇ ಅಲ್ಲ. ಒಬ್ಬ ರಿಯಾಕ್ಟ್ ಅಂತಾನೆ. ಇನ್ನೊಬ್ಬ "ಲಾರಾವೆಲ್ ಸಾಕು ಮಾರಾಯ" ಅಂತಾನೆ. ಮತ್ತೊಬ್ಬ ನಿನ್ನೆ ಯೂಟ್ಯೂಬಿನಲ್ಲಿ ನೋಡಿದ ಹೊಸ ಹೆಸರೊಂದನ್ನು ಹೇಳುತ್ತಾನೆ. ಮೇಳದ ಮ್ಯಾನೇಜರಿಗೆ ಈ ಹೆಸರು ಒಂದೂ ಗೊತ್ತಿಲ್ಲ, ಗೊತ್ತಿರಬೇಕು ಅಂತಲೂ ಇಲ್ಲ. ಆದರೆ ಇವರು ಏನು ಆರಿಸುತ್ತಾರೋ ಅದನ್ನು ಮುಂದೆ ವರ್ಷಗಟ್ಟಲೆ ಸುಧಾರಿಸಿಕೊಂಡು ಹೋಗಬೇಕಾದವರು ಮೇಳದವರೇ.

ಮೊದಲು ಈ ಫ್ರೇಮ್‌ವರ್ಕ್ ಏನು ಮಾಡುತ್ತದೆ ನೋಡೋಣ. ಯಾವ ವೆಬ್‌ಸೈಟ್ ತೆಗೆದುಕೊಂಡರೂ ಕೆಲವು ಕೆಲಸ ಒಂದೇ. ಈ ವಿಳಾಸಕ್ಕೆ ಬಂದವರಿಗೆ ಯಾವ ಪುಟ ತೋರಿಸಬೇಕು, ಡೇಟಾಬೇಸಿನಿಂದ ಮಾಹಿತಿ ಹೇಗೆ ತರಬೇಕು, ಲಾಗಿನ್ ಹೇಗೆ, ಫಾರ್ಮಿನಲ್ಲಿ ತಪ್ಪು ತುಂಬಿದರೆ ಏನು ಮಾಡಬೇಕು. ಇದನ್ನೆಲ್ಲ ಪ್ರತಿ ಸಲ ಮೊದಲಿಂದ ಬರೆಯುವ ಬದಲು ಸಿದ್ಧವಾಗಿ ಕೊಡುವುದೇ ಫ್ರೇಮ್‌ವರ್ಕ್. ಮದುವೆಗೆ ಹಾಲ್ ಹಿಡಿದ ಹಾಗೆ. ಕೆಲವು ಹಾಲಿನಲ್ಲಿ ಪಾತ್ರೆ, ಕುರ್ಚಿ, ಜನರೇಟರ್, ಅಡುಗೆಯವರು ಎಲ್ಲ ಸೇರಿಯೇ ಬಾಡಿಗೆ. ಆದರೆ ಅಡುಗೆಗೆ ಅವರ ಜನವೇ ಆಗಬೇಕು. ಕೆಲವು ಕಡೆ ಬರೀ ಮಾಡು ಮತ್ತು ನೆಲ, ಉಳಿದದ್ದು ನೀವೇ ತರಬೇಕು. ಪೈಥಾನ್ ಭಾಷೆಯ ಜ್ಯಾಂಗೋ, ರೂಬಿಯ ರೇಲ್ಸ್, ಪಿಎಚ್‌ಪಿಯ ಲಾರಾವೆಲ್ ಮೊದಲ ಜಾತಿ. ಪೈಥಾನಿನ ಫ್ಲಾಸ್ಕ್, ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಮೇಲೆ ನಡೆಯುವ ಎಕ್ಸ್‌ಪ್ರೆಸ್ ಎರಡನೆಯ ಜಾತಿ.

ಎರಡನೆಯದು ಹಗುರ ಅನ್ನಿಸುತ್ತದೆ. ಹತ್ತು ಸಾಲಿನಲ್ಲಿ ಒಂದು ಪುಟ ತೆರೆದುಕೊಳ್ಳುತ್ತದೆ, ಕಲಿಯಲು ಸುಲಭ. ಆದರೆ ಬಿಟ್ಟುಹೋದದ್ದು ಏನು ಅಂತ ತಿಳಿಯುವುದು ಆಮೇಲೆ. ಉದಾಹರಣೆಗೆ ಸುರಕ್ಷತೆ. ನೀವು ಒಂದು ಸೈಟಿಗೆ ಲಾಗಿನ್ ಆಗಿರುವಾಗ ಬೇರೆ ಯಾವುದೋ ಕೆಟ್ಟ ಪುಟ ನಿಮ್ಮ ಹೆಸರಿನಲ್ಲೇ ಅಲ್ಲಿಗೆ ಫಾರ್ಮ್ ಕಳಿಸಿಬಿಡುವ ಒಂದು ದಾಳಿ ಇದೆ. ಜ್ಯಾಂಗೋ, ರೇಲ್ಸ್, ಲಾರಾವೆಲ್ ಮೂರರಲ್ಲೂ ಇದಕ್ಕೆ ತಡೆ ಮೊದಲೇ ಹಾಕಿರುತ್ತದೆ. ಎಕ್ಸ್‌ಪ್ರೆಸ್‌ನಲ್ಲಿ ಅದನ್ನು ನೀವೇ ನೆನಪಿಟ್ಟು ಜೋಡಿಸಬೇಕು. ಅನುಭವ ಇದ್ದವರಿಗೆ ಇದು ದೊಡ್ಡ ವಿಷಯವಲ್ಲ. ಆದರೆ ಚಿಕ್ಕ ಫ್ರೇಮ್‌ವರ್ಕ್ ಆರಿಸುವವರಲ್ಲಿ ಹೊಸಬರೇ ಜಾಸ್ತಿ, ಅಲ್ವಾ?

ಹೆಸರುಗಳನ್ನು ಹೋಲಿಸಿ ನೋಡುವವರು ಸಾಮಾನ್ಯವಾಗಿ ಬಿಡುವ ಒಂದು ಪ್ರಶ್ನೆ ಇದೆ: ಇದು ಹುಟ್ಟಿದ್ದು ಯಾರ ತೊಂದರೆ ಬಗೆಹರಿಸಲು? ನನ್ನ ಪ್ರಕಾರ ಆಯ್ಕೆಯ ಅರ್ಧ ಕೆಲಸ ಈ ಪ್ರಶ್ನೆಯಲ್ಲೇ ಮುಗಿಯುತ್ತದೆ. ಜ್ಯಾಂಗೋ ಹುಟ್ಟಿದ್ದು ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಪತ್ರಿಕೆಯೊಂದರಲ್ಲಿ. 2003ರ ಹೊತ್ತಿಗೆ ಅಲ್ಲಿನ ಏಡ್ರಿಯನ್ ಹೊಲೊವಾಟಿ, ಸೈಮನ್ ವಿಲ್ಲಿಸನ್ ಅದನ್ನು ಕಟ್ಟಲು ಶುರುಮಾಡಿದರು. 2005ರಲ್ಲಿ ಅದು ಎಲ್ಲರಿಗೂ ಸಿಕ್ಕಿತು. ಪತ್ರಿಕೆಯ ಕೆಲಸ ಎಂದರೆ ಗಡುವು. ಕೋಡ್ ಬಾರದ ಸಂಪಾದಕರು ಸುದ್ದಿ ತುಂಬಬೇಕು, ಅದು ಕೂಡಲೇ ಸೈಟಿನಲ್ಲಿ ಕಾಣಬೇಕು. ಅದಕ್ಕೇ ಜ್ಯಾಂಗೋದಲ್ಲಿ ಮಾಹಿತಿಯ ಆಕಾರ ಹೇಳಿದರೆ ಸಾಕು, ಅದನ್ನು ತುಂಬಲು, ತಿದ್ದಲು, ಹುಡುಕಲು ಒಂದು ಆಡಳಿತ ಪುಟ ಹೆಚ್ಚು ಶ್ರಮವಿಲ್ಲದೆ ಸಿಗುತ್ತದೆ.

ಈಗ ನಮ್ಮ ಮೇಳವನ್ನು ನೋಡಿ. ಮ್ಯಾನೇಜರ್ ದಿನಾಂಕ, ಸ್ಥಳ, ಪ್ರಸಂಗ, ಆಟ ಆಡಿಸುವವರ ಹೆಸರು ತುಂಬಬೇಕು. ಮಳೆ ಬಂದು ಕ್ಯಾಂಪ್, ಅಂದರೆ ಆಟದ ಜಾಗ, ಬದಲಾದರೆ ಆಗಲೇ ತಿದ್ದಬೇಕು. ತುಂಬುವವರು ಒಬ್ಬರೋ ಇಬ್ಬರೋ, ಓದುವವರು ಸಾವಿರಾರು. ಇದು ಪತ್ರಿಕೆಯ ಕೆಲಸವೇ ತಾನೇ?

ರಿಯಾಕ್ಟ್ ಹುಟ್ಟಿದ್ದು ಫೇಸ್‌ಬುಕ್ಕಿನೊಳಗೆ. 2013ರಲ್ಲಿ ಅದನ್ನು ಹೊರಗಿನವರಿಗೂ ಕೊಟ್ಟರು. ಅಲ್ಲಿನ ತೊಂದರೆಯೇ ಬೇರೆ. ಒಂದೇ ಪುಟದಲ್ಲಿ ಚಾಟ್, ನೋಟಿಫಿಕೇಶನ್ ಲೆಕ್ಕ, ಕಾಮೆಂಟು, ಲೈಕು, ಎಲ್ಲವೂ ಒಟ್ಟಿಗೆ ಬದಲಾಗುತ್ತಿರುತ್ತವೆ. ಒಂದು ಕಡೆ ಸಂದೇಶ ಓದಿದರೆ ಇನ್ನೊಂದು ಕಡೆ ಲೆಕ್ಕ ಇಳಿಯಬೇಕು. ಇದನ್ನು ಕೈಯಿಂದ ಹೊಂದಿಸುತ್ತ ಹೋದರೆ ಕೋಡ್ ಸಿಕ್ಕುಗಟ್ಟುತ್ತದೆ. ಮಾಹಿತಿ ಬದಲಾದಾಗ ಪರದೆ ಹೇಗೆ ಕಾಣಬೇಕು ಎಂದು ಹೇಳಿಬಿಡಿ, ಬದಲಾಯಿಸುವ ಕೆಲಸ ನಾನು ನೋಡಿಕೊಳ್ಳುತ್ತೇನೆ ಎನ್ನುವುದು ರಿಯಾಕ್ಟ್ ಕೊಟ್ಟ ಉತ್ತರ. ಒಳ್ಳೆಯ ಉತ್ತರವೇ. ಆದರೆ ನಮ್ಮ ಮೇಳದ ಪುಟದಲ್ಲಿ ದಿನಕ್ಕೆ ಒಮ್ಮೆ ಬದಲಾಗುವುದು ಮೂರು ಸಾಲು. ಅಂದ ಹಾಗೆ ರಿಯಾಕ್ಟ್ ತಯಾರಿಸಿದವರು ಅದನ್ನು ಫ್ರೇಮ್‌ವರ್ಕ್ ಅನ್ನುವುದಿಲ್ಲ, ಲೈಬ್ರರಿ ಅನ್ನುತ್ತಾರೆ. ಪರದೆಯ ಕೆಲಸ ಬಿಟ್ಟು ಉಳಿದದ್ದೆಲ್ಲ ಹೊರಗಿನಿಂದ ತರಬೇಕು. ಆ ಖಾಲಿ ಜಾಗ ತುಂಬಲು 2016ರಲ್ಲಿ ನೆಕ್ಸ್ಟ್ ಜೆಎಸ್ ಬಂತು.

ರೇಲ್ಸ್ ಕತೆಯೂ ಹೀಗೇ. ಬೇಸ್‌ಕ್ಯಾಂಪ್ ಎಂಬ ಕೆಲಸ ನಿರ್ವಹಣೆಯ ತಂತ್ರಾಂಶ ಬರೆಯುತ್ತಿದ್ದ ಡೇವಿಡ್ ಹೈನೆಮಿಯರ್ ಹ್ಯಾನ್ಸನ್ ಅದರೊಳಗಿನ ಸಾಮಾನ್ಯ ಭಾಗವನ್ನು ಬೇರೆ ಮಾಡಿ 2004ರಲ್ಲಿ ಹೊರಬಿಟ್ಟರು. ಚಿಕ್ಕ ತಂಡ ಬೇಗ ಬೇಗ ಕೆಲಸ ಮುಗಿಸಲು ಅದು ಇವತ್ತಿಗೂ ಚೆನ್ನಾಗಿದೆ. ಮಂಗಳೂರಿನಲ್ಲಿ ರೂಬಿ ಬಲ್ಲವರನ್ನು ಹುಡುಕುವುದು ಮಾತ್ರ ಬೇರೆ ಕತೆ, ಅದಕ್ಕೆ ಆಮೇಲೆ ಬರುತ್ತೇನೆ.

ಇನ್ನು ಪುಟ ಎಲ್ಲಿ ತಯಾರಾಗುತ್ತದೆ ಎನ್ನುವ ಪ್ರಶ್ನೆ. ಇದು ಅರ್ಥವಾದರೆ ಫ್ರೇಮ್‌ವರ್ಕುಗಳ ಕಾಡಿನಲ್ಲಿ ದಾರಿ ಕಾಣುತ್ತದೆ. ಹಳೆಯ ಕ್ರಮದಲ್ಲಿ ಸರ್ವರ್ ಪೂರ್ತಿ ಪುಟ ತಯಾರಿಸಿ ಕಳಿಸುತ್ತದೆ, ಫೋನು ಅದನ್ನು ತೋರಿಸುತ್ತದೆ, ಅಷ್ಟೇ. ಬರೀ ರಿಯಾಕ್ಟ್ ಅಥವಾ ಅದೇ ಜಾತಿಯ ವ್ಯೂ ಬಳಸಿದ ಸೈಟಿನಲ್ಲಿ ಸರ್ವರ್ ಮೊದಲು ಕಳಿಸುವುದು ಹೆಚ್ಚುಕಡಿಮೆ ಖಾಲಿ ಪುಟ ಮತ್ತು ಒಂದು ದೊಡ್ಡ ಜಾವಾಸ್ಕ್ರಿಪ್ಟ್ ಕಟ್ಟು. ಫೋನು ಆ ಕಟ್ಟನ್ನು ಇಳಿಸಿಕೊಳ್ಳಬೇಕು, ಬಿಚ್ಚಿ ಓದಬೇಕು, ಓಡಿಸಬೇಕು. ಆಮೇಲೆ ಮತ್ತೆ ಸರ್ವರಿಗೆ ಹೋಗಿ ಇವತ್ತಿನ ಆಟದ ಮಾಹಿತಿ ತರಬೇಕು. ಆಮೇಲೆ ಪರದೆ ತುಂಬಬೇಕು. ಪುಟವನ್ನು ಕಟ್ಟುವ ಕೆಲಸ ನೋಡುವವರ ಫೋನಿನ ತಲೆಗೆ ಬೀಳುತ್ತದೆ. ಬೆಂಗಳೂರಿನ ಕಚೇರಿಯ ವೈಫೈನಲ್ಲಿ, ಹೊಸ ಲ್ಯಾಪ್‌ಟಾಪಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಹೆಬ್ರಿ ದಾಟಿ ಘಟ್ಟದ ಬುಡದ ಕಡೆ ಹೋಗಿ, ನೆಟ್‌ವರ್ಕಿನ ಒಂದು ಕಡ್ಡಿ ಬಂದು ಹೋಗುವ ಜಾಗದಲ್ಲಿ, ಅಗ್ಗದ ಹಳೆಯ ಫೋನಿನಲ್ಲಿ ತೆರೆದು ನೋಡಿ. ಸುತ್ತುವ ಚಕ್ರ ನೋಡುತ್ತ ಕೂರಬೇಕು. ಆಟ ನೋಡಲು ಹೊರಟವರಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಗೊತ್ತಿದ್ದವರಿಗೆ ಫೋನ್ ಮಾಡಿ ಕೇಳಿಬಿಡುತ್ತಾರೆ.

ಇದಕ್ಕೆ ವಾಟ್ಸಾಪ್ ಕೂಡ ಸೇರಿಸಿ. ನಮ್ಮೂರಲ್ಲಿ ಲಿಂಕ್ ಹರಡುವುದು ಅಲ್ಲಿಂದಲೇ. ಲಿಂಕ್ ಹಾಕಿದ ಕೂಡಲೇ ಕೆಳಗೆ ಚಿತ್ರ, ಶೀರ್ಷಿಕೆ ಬರುತ್ತದಲ್ಲ, ಅದನ್ನು ವಾಟ್ಸಾಪ್ ತೆಗೆದುಕೊಳ್ಳುವುದು ಸರ್ವರ್ ಕಳಿಸಿದ ಎಚ್‌ಟಿಎಂಎಲ್ ಪುಟದ ತಲೆಭಾಗದಿಂದ. ಅದು ನಿಮ್ಮ ಜಾವಾಸ್ಕ್ರಿಪ್ಟ್ ಓಡಿಸುತ್ತ ಕೂರುವುದಿಲ್ಲ. ಪುಟ ಫೋನಿನಲ್ಲೇ ತಯಾರಾಗುವ ಸೈಟಾದರೆ ಯಾವ ದಿನದ ಲಿಂಕ್ ಕಳಿಸಿದರೂ ಒಂದೇ ಶೀರ್ಷಿಕೆ, ಅಥವಾ ಖಾಲಿ. ಗೂಗಲ್ ಜಾವಾಸ್ಕ್ರಿಪ್ಟ್ ಓಡಿಸಿ ನೋಡುತ್ತದೆ ನಿಜ. ಆದರೆ ಆ ಕೆಲಸ ಸರತಿಯಲ್ಲಿ ಕಾದು ಆಗುವುದು. ಇವತ್ತಿನ ಆಟದ ಸುದ್ದಿ ನಾಳೆ ಹುಡುಕಿದರೆ ಸಿಕ್ಕಿ ಏನು ಪ್ರಯೋಜನ?

ನೆಕ್ಸ್ಟ್ ಜೆಎಸ್, ವ್ಯೂ ಜೊತೆಗಿನ ನಕ್ಸ್ಟ್ ಇವೆಲ್ಲ ಮೊದಲ ಪುಟವನ್ನು ಸರ್ವರಿನಲ್ಲೇ ತಯಾರಿಸಿ ಈ ತೊಂದರೆ ಕಡಿಮೆ ಮಾಡುತ್ತವೆ. ಆದರೆ ಆಗ ಒಂದೇ ಪುಟಕ್ಕೆ ಎರಡು ಜೀವ. ಸರ್ವರಿನಲ್ಲಿ ಒಮ್ಮೆ ತಯಾರಾಗುತ್ತದೆ, ಫೋನಿಗೆ ಬಂದ ಮೇಲೆ ಜಾವಾಸ್ಕ್ರಿಪ್ಟ್ ಅದಕ್ಕೆ ಮತ್ತೆ ಜೀವ ತುಂಬುತ್ತದೆ. ಯಾವ ಕೋಡ್ ಎಲ್ಲಿ ಓಡುತ್ತದೆ ಎಂದು ಬರೆಯುವವರಿಗೆ ಸದಾ ಎಚ್ಚರ ಬೇಕು. ಮೇಳದ ಸೈಟಿಗೆ ಇಷ್ಟೆಲ್ಲ ಬೇಕಿಲ್ಲ. ಜ್ಯಾಂಗೋ ಅಥವಾ ಲಾರಾವೆಲ್ ಸಾಕು. ಎಲ್ಲೋ ಒಂದು ಹುಡುಕುವ ಪಟ್ಟಿ, ಒಂದು ಕ್ಯಾಲೆಂಡರ್, ಪುಟ ಮರುಲೋಡ್ ಆಗದೆ ಬದಲಾಗಬೇಕು ಅಂದರೆ ಎಚ್‌ಟಿಎಂಎಕ್ಸ್ ಥರದ ಚಿಕ್ಕ ಸಾಧನ ಸೇರಿಸಿದರೆ ಆಯಿತು.

ಹಾಗಾದರೆ ರಿಯಾಕ್ಟ್ ಯಾರಿಗೆ? ಪುತ್ತೂರಿನಿಂದ ಮಂಗಳೂರಿನ ಬಂದರಿನವರೆಗೆ ಇರುವ ಯಾವುದೋ ಅಡಿಕೆ ವ್ಯಾಪಾರಿಯ ಅಂಗಡಿ ತೆಗೆದುಕೊಳ್ಳಿ. ಕೃಷಿಕರು ಚೀಲ ತಂದು ಇಳಿಸುತ್ತಾರೆ. ತೂಕ ಆಗುತ್ತದೆ, ಹೊಸತು, ಹಳತು, ಪಟೋರ, ಕರಿಗೋಟು ಅಂತ ಬೇರೆ ಬೇರೆ ದರ. ಚೀಲದ ತೂಕ ಕಳೆಯಬೇಕು, ಮುಂಗಡ ಕೊಟ್ಟಿದ್ದರೆ ಅದನ್ನೂ ಕಳೆಯಬೇಕು, ಒಟ್ಟು ಮೊತ್ತ ಪರದೆಯಲ್ಲಿ ಆಗಿಂದಾಗ್ಗೆ ಬದಲಾಗುತ್ತಿರಬೇಕು. ಮಧ್ಯದಲ್ಲಿ ಸಿಡಿಲು ಬಂದು ನೆಟ್ ಹೋದರೂ ಕೆಲಸ ನಿಲ್ಲಬಾರದು. ಬಿಲ್ ಅಲ್ಲೇ ಉಳಿದು ನೆಟ್ ಬಂದ ಮೇಲೆ ಸರ್ವರಿಗೆ ಹೋಗಬೇಕು. ಇಲ್ಲಿ ಬ್ರೌಸರಿನೊಳಗೇ ನಿಜವಾದ ಕೆಲಸ ಇದೆ. ಬ್ರೌಸರಿನ ಸ್ವಂತ ಸಂಗ್ರಹ, ನೆಟ್ ಇಲ್ಲದಾಗಲೂ ಹಿಂದಿನಿಂದ ಕೆಲಸ ಮಾಡುವ ಸರ್ವಿಸ್ ವರ್ಕರ್ ಎಲ್ಲ ಬೇಕಾಗುತ್ತವೆ. ನೋಡುವವರು ದಿನವಿಡೀ ಅದೇ ಪರದೆ ಮುಂದೆ ಇರುವುದರಿಂದ ಮೊದಲ ಸಲ ತೆರೆಯಲು ನಾಲ್ಕು ಸೆಕೆಂಡ್ ಜಾಸ್ತಿ ಆದರೂ ಯಾರಿಗೂ ಬೇಸರವಿಲ್ಲ. ರಿಯಾಕ್ಟ್, ವ್ಯೂ, ಸ್ವೆಲ್ಟ್ ಯಾವುದಾದರೂ ಇಲ್ಲಿ ಕೂಲಿ ಕೊಟ್ಟಷ್ಟೂ ದುಡಿಯುತ್ತವೆ.

ಮಲ್ಪೆ ಕಡೆಯ ಹೋಮ್‌ಸ್ಟೇ ಬುಕಿಂಗ್ ಇನ್ನೊಂದು ಬಗೆ. ಅಲ್ಲಿ ಪರದೆ ಎಷ್ಟು ಚಂದ ಎನ್ನುವುದಕ್ಕಿಂತ ಲೆಕ್ಕ ತಪ್ಪದಿರುವುದು ಮುಖ್ಯ. ಡಿಸೆಂಬರ್ ಕೊನೆಯ ವಾರ ಒಂದೇ ಕೋಣೆಗೆ ಇಬ್ಬರು ಒಂದೇ ಕ್ಷಣದಲ್ಲಿ ಗುಂಡಿ ಒತ್ತಿದರೆ? ಕೋಣೆ ಖಾಲಿ ಇದೆಯಾ ಅಂತ ಮೊದಲು ನೋಡಿ ಆಮೇಲೆ ಬರೆಯುವ ಕೋಡ್ ಇಬ್ಬರಿಗೂ ಹೌದು ಅಂದುಬಿಡಬಹುದು. ಇದನ್ನು ತಡೆಯಬೇಕಾದದ್ದು ಡೇಟಾಬೇಸ್. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ ಒಂದು ಕೋಣೆಯ ದಿನಾಂಕಗಳು ಒಂದರ ಮೇಲೊಂದು ಬೀಳಬಾರದು ಅಂತ ನಿಯಮವನ್ನೇ ಬರೆದಿಡಬಹುದು. ಜ್ಯಾಂಗೋ ಆ ನಿಯಮವನ್ನು ತನ್ನ ಭಾಷೆಯಲ್ಲೇ ಬರೆಯಲು ಬಿಡುತ್ತದೆ. ಹಣದ್ದೂ ಹಾಗೇ. ಯುಪಿಐ ಪಾವತಿ ಆಯಿತು ಅಂತ ಪೇಮೆಂಟ್ ಗೇಟ್‌ವೇ ಕಳಿಸುವ ಸಂದೇಶ ಕೆಲವೊಮ್ಮೆ ಎರಡು ಸಲ ಬರುತ್ತದೆ, ಕೆಲವೊಮ್ಮೆ ತಡವಾಗಿ ಬರುತ್ತದೆ. ಎರಡು ಸಲ ಬಂದರೂ ಬುಕಿಂಗ್ ಒಂದೇ ಆಗಬೇಕು. ರಸೀದಿ, ಇಮೇಲ್, ಎಸ್ಸೆಮ್ಮೆಸ್ ಇವೆಲ್ಲ ಹಿಂದಿನಿಂದ ನಿಧಾನವಾಗಿ ಹೋಗಲು ಒಂದು ಸರತಿ ವ್ಯವಸ್ಥೆ ಬೇಕು. ಲಾರಾವೆಲ್ ಮತ್ತು ರೇಲ್ಸ್‌ನಲ್ಲಿ ಅದು ಒಳಗೇ ಇದೆ. ಜ್ಯಾಂಗೋದಲ್ಲಿ ಸೆಲರಿ ಎಂಬ ಬೇರೆ ಸಾಮಾನು ಜೋಡಿಸುವುದು ಬಹುಕಾಲದ ರೂಢಿ. ಹೋಮ್‌ಸ್ಟೇ ಥರದ ಕೆಲಸ ಬಂದರೆ ನಾನು ಲಾರಾವೆಲ್ ಕಡೆಗೇ ವಾಲುತ್ತೇನೆ.

ಕೆಲಸದ ಬಗೆ ಇಷ್ಟಾಯಿತು. ಆದರೆ ನಮ್ಮ ಕರಾವಳಿಯಲ್ಲಿ ಸೈಟುಗಳು ಸಾಯುವುದು ಫ್ರೇಮ್‌ವರ್ಕ್ ಕೆಟ್ಟದಿದೆ ಅಂತಲ್ಲ. ಮಾಡಿಕೊಟ್ಟವರು ಊರು ಬಿಟ್ಟರು ಅಂತ. "ನಮ್ಮ ವೆಬ್‌ಸೈಟ್ ಮಾಡಿದ ಹುಡುಗ ಈಗ ದುಬೈಯಲ್ಲಿದ್ದಾನೆ" ಅನ್ನುವ ಮಾತನ್ನು ಇಲ್ಲಿ ಯಾವ ಅಂಗಡಿಗೆ ಹೋದರೂ ಕೇಳಬಹುದು. ದುಬೈ ಅಲ್ಲದಿದ್ದರೆ ಬೆಂಗಳೂರು. ಸುರತ್ಕಲ್, ಮಣಿಪಾಲ, ನಿಟ್ಟೆಯ ಕಾಲೇಜುಗಳಿಂದ ವರ್ಷ ವರ್ಷ ಹುಡುಗರು ಹೊರಬೀಳುತ್ತಾರೆ, ಹೆಚ್ಚಿನವರು ಊರಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಫ್ರೇಮ್‌ವರ್ಕ್ ಆರಿಸುವಾಗ ಈಗ ಕಟ್ಟುವವರ ಇಷ್ಟಕ್ಕಿಂತ ಎರಡನೆಯವರಾಗಿ ಬರುವವರ ಅನುಕೂಲ ನೋಡಬೇಕು. ಆ ಎರಡನೆಯವರು ಯಾರು ಅಂತ ಇವತ್ತು ಗೊತ್ತಿಲ್ಲ. ಅವರಿಗೆ ಪಿಎಚ್‌ಪಿ, ಪೈಥಾನ್, ಜಾವಾಸ್ಕ್ರಿಪ್ಟ್, ಜಾವಾ ಇವುಗಳಲ್ಲಿ ಒಂದಾದರೂ ಬರುತ್ತದೆ ಅಂತ ಧೈರ್ಯವಾಗಿ ಹೇಳಬಹುದು. ರೂಬಿ, ಎಲಿಕ್ಸಿರ್ ಬರುತ್ತದೆ ಅಂತ ಹೇಳಲಾಗದು. ರೇಲ್ಸ್ ಎಷ್ಟೇ ಒಳ್ಳೆಯದಿದ್ದರೂ ಮೇಳಕ್ಕೆ ನಾನು ಅದನ್ನು ಹೇಳದಿರುವುದು ಇದೊಂದೇ ಕಾರಣಕ್ಕೆ.

ಎರಡನೆಯವರ ದೃಷ್ಟಿಯಿಂದ ನೋಡಿದರೆ ಎಲ್ಲವನ್ನೂ ಸೇರಿಸಿ ಕೊಡುವ ಫ್ರೇಮ್‌ವರ್ಕಿಗೆ ಇನ್ನೊಂದು ಗುಣವಿದೆ. ಒಂದು ಜ್ಯಾಂಗೋ ಪ್ರಾಜೆಕ್ಟ್ ನೋಡಿದವರಿಗೆ ಇನ್ನೊಂದರಲ್ಲಿ ಏನು ಎಲ್ಲಿದೆ ಅಂತ ಅಂದಾಜಾಗುತ್ತದೆ. ಎಕ್ಸ್‌ಪ್ರೆಸ್‌ನಲ್ಲಿ ಕಟ್ಟಿದ ಸೈಟಿನಲ್ಲಿ ಕಡತಗಳ ಜೋಡಣೆ ಆ ಮೊದಲ ಹುಡುಗನ ಮನಸ್ಸಿನಲ್ಲಿದ್ದ ಹಾಗೆ ಇರುತ್ತದೆ. ಅವನು ಫೋನ್ ಎತ್ತದಿದ್ದರೆ ಮುಗಿಯಿತು.

ಆಯಸ್ಸನ್ನೂ ನೋಡಬೇಕು. ಗೂಗಲ್ 2010ರಲ್ಲಿ ತಂದ ಆಂಗ್ಯುಲರ್ ಜೆಎಸ್ ಒಂದು ಕಾಲದಲ್ಲಿ ಎಲ್ಲರ ಬಾಯಲ್ಲಿತ್ತು. 2016ರಲ್ಲಿ ಅದರ ಎರಡನೆಯ ಆವೃತ್ತಿ ಬಂದಾಗ ಅದು ಪೂರ್ತಿ ಹೊಸದಾಗಿ ಬರೆದದ್ದು, ಹಳೆಯ ಕೋಡ್ ಅದರಲ್ಲಿ ಹಾಗೆಯೇ ಓಡುವಂತಿರಲಿಲ್ಲ. 2021ರ ಕೊನೆಗೆ ಹಳೆಯದರ ಬೆಂಬಲವೂ ನಿಂತಿತು. ವ್ಯೂ ಎರಡನೆಯ ಆವೃತ್ತಿಗೆ 2023ರ ಡಿಸೆಂಬರ್ 31 ಕೊನೆ ದಿನವಾಯಿತು. ರಿಯಾಕ್ಟ್ ಕಲಿತ ಎಷ್ಟೋ ಜನ ಮೊದಲ ಪ್ರಾಜೆಕ್ಟ್ ಶುರುಮಾಡಿದ ಕ್ರಿಯೇಟ್ ರಿಯಾಕ್ಟ್ ಆ್ಯಪ್ ಅನ್ನು 2025ರ ಫೆಬ್ರವರಿಯಲ್ಲಿ ರಿಯಾಕ್ಟ್ ತಂಡವೇ ಬದಿಗಿಟ್ಟಿತು. ಬೆಂಬಲ ನಿಂತ ಕೂಡಲೇ ಸೈಟ್ ನಿಲ್ಲುವುದಿಲ್ಲ. ಆದರೆ ಮುಂದೆ ಅದರಲ್ಲಿ ತೂತು ಕಂಡರೆ ಮುಚ್ಚುವವರಿಲ್ಲ. ಜ್ಯಾಂಗೋ ಈ ವಿಷಯದಲ್ಲಿ ಮೊದಲೇ ಲೆಕ್ಕ ಹೇಳಿಬಿಡುತ್ತದೆ. ದೀರ್ಘಾವಧಿ ಬೆಂಬಲದ ಆವೃತ್ತಿಗೆ ಮೂರು ವರ್ಷ. 2025ರ ಏಪ್ರಿಲ್‌ನಲ್ಲಿ ಬಂದ 5.2ಕ್ಕೆ 2028ರ ಏಪ್ರಿಲ್‌ವರೆಗೆ ಸುರಕ್ಷತೆಯ ತಿದ್ದುಪಡಿ ಬರುತ್ತದೆ. ಲಾರಾವೆಲ್ ಒಂದೊಂದು ಆವೃತ್ತಿಗೆ ಎರಡು ವರ್ಷ ಸುರಕ್ಷತೆಯ ಬೆಂಬಲ ಕೊಡುತ್ತದೆ. ಮಳೆಗಾಲದಲ್ಲಿ ಮೇಳಕ್ಕೆ ತಿರುಗಾಟ ಇಲ್ಲದಾಗ ಆವೃತ್ತಿ ಏರಿಸುವ ಕೆಲಸ ಇಟ್ಟುಕೊಳ್ಳಬಹುದು. ಒಪ್ಪಂದದಲ್ಲೇ ಆ ಖರ್ಚು ಬರೆದಿಟ್ಟರೆ ಇನ್ನೂ ಒಳ್ಳೆಯದು.

ಜಾವಾಸ್ಕ್ರಿಪ್ಟ್ ಲೋಕದಲ್ಲಿ ಇನ್ನೊಂದು ಅಪಾಯ ಬೇರೆಯವರು ಬರೆದ ಕೋಡಿನ ಮೇಲಿನ ಅವಲಂಬನೆಯದ್ದು. 2016ರ ಮಾರ್ಚಿನಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಬರೆದವರು ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಎನ್‌ಪಿಎಂ ಭಂಡಾರದಿಂದ ತೆಗೆದರು. ಅಕ್ಷರಗಳ ಎಡಕ್ಕೆ ಖಾಲಿ ಜಾಗ ಸೇರಿಸುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿರಲಿಲ್ಲ. ಆದರೆ ಯಾವುದಕ್ಕೋ ಬೇಕಾದ ಇನ್ಯಾವುದಕ್ಕೋ ಅದು ಬೇಕಿತ್ತು. ಲೋಕದಾದ್ಯಂತ ಸಾವಿರಾರು ಪ್ರಾಜೆಕ್ಟುಗಳ ಬಿಲ್ಡ್, ಅಂದರೆ ಕೋಡನ್ನು ಓಡಿಸಲು ಸಿದ್ಧಮಾಡುವ ಹಂತ, ಮುರಿದು ಬಿತ್ತು. ಅಂಥ ಭಂಡಾರದಿಂದ ಏನನ್ನೂ ತರಬೇಡಿ ಅಂತಲ್ಲ. ತಂದದ್ದರ ಪಟ್ಟಿ ಉದ್ದವಾದಷ್ಟೂ ನೋಡಿಕೊಳ್ಳುವವರ ಕೆಲಸ ಉದ್ದವಾಗುತ್ತದೆ.

ವೇಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೆಕೆಂಡಿಗೆ ಇಷ್ಟು ಲಕ್ಷ ಕೋರಿಕೆ ಅಂತ ತೋರಿಸುವ ಪಟ್ಟಿಗಳು ಹೆಚ್ಚಾಗಿ ಅಳೆಯುವುದು ಏನೂ ಮಾಡದ ಪುಟವನ್ನು. ನಿಜವಾದ ಸೈಟ್ ನಿಧಾನವಾಗುವುದು ಡೇಟಾಬೇಸಿನ ಬಾಗಿಲಲ್ಲಿ. ತಿಂಗಳ ಮೂವತ್ತು ಆಟಗಳ ಪಟ್ಟಿ ತಂದು, ಪ್ರತಿ ಆಟಕ್ಕೂ ಪ್ರಸಂಗದ ಹೆಸರು ಕೇಳಲು ಮತ್ತೆ ಮತ್ತೆ ಡೇಟಾಬೇಸಿಗೆ ಹೋದರೆ ಒಂದು ಪ್ರಶ್ನೆಯ ಜಾಗದಲ್ಲಿ ಮೂವತ್ತೊಂದು ಆಗುತ್ತದೆ. ಯಾವ ಫ್ರೇಮ್‌ವರ್ಕಿನಲ್ಲೂ ಈ ತಪ್ಪು ಮಾಡಬಹುದು, ಯಾವುದರಲ್ಲೂ ಒಂದು ಸಾಲಿನಲ್ಲಿ ಸರಿಮಾಡಬಹುದು. ಒಮ್ಮೆ ತಯಾರಾದ ಮೇಳದ ಪುಟವನ್ನು ಐದು ನಿಮಿಷ ಕ್ಯಾಶ್ ಮಾಡಿಟ್ಟು, ಅಂದರೆ ಎತ್ತಿಟ್ಟು, ಅದನ್ನೇ ಕೊಡುತ್ತಿದ್ದರೆ ಚಿಕ್ಕ ಸರ್ವರೇ ಸಾಕು.

ಇಷ್ಟೆಲ್ಲ ಓದುವ ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಒಂದಿದೆ, ಫ್ರೇಮ್‌ವರ್ಕ್ ಬೇಕಾ ಅಂತ. ಹೋಟೆಲಿನ ಮೆನು, ವಿಳಾಸ, ನಾಲ್ಕು ಫೋಟೋ ಹಾಕಲು ಯಾರೂ ಕೋಡ್ ಬರೆಯಬೇಕಿಲ್ಲ. ವರ್ಡ್‌ಪ್ರೆಸ್ ಇದೆ, 2003ರಿಂದ ನಡೆಯುತ್ತಿದೆ, ಅಗ್ಗದ ಹೋಸ್ಟಿಂಗಿನಲ್ಲೂ ಓಡುತ್ತದೆ. ಪಿಎಚ್‌ಪಿಗೆ ಈ ಅನುಕೂಲ ಮೊದಲಿಂದಲೂ ಇದೆ. ಪೈಥಾನ್, ನೋಡ್ ಅಂದರೆ ಹೆಚ್ಚಾಗಿ ಸ್ವಂತ ಸರ್ವರ್ ನೋಡಿಕೊಳ್ಳಬೇಕು, ಇಲ್ಲವೇ ಅದಕ್ಕೆಂದೇ ಇರುವ ಸೇವೆಗೆ ತಿಂಗಳು ತಿಂಗಳು ಹಣ ಕಟ್ಟಬೇಕು.

ಎರಡು ಹೆಸರಿಗೆ ಬಂದು ನಿಂತ ಮೇಲೆ ಸುಮ್ನೆ ವಾದ ಮಾಡುವುದಕ್ಕಿಂತ ಎರಡರಲ್ಲೂ ಒಂದೊಂದು ಚಿಕ್ಕ ತುಂಡು ಕಟ್ಟಿ ನೋಡುವುದು ಒಳ್ಳೆಯದು. ಸ್ವಾಗತ ಪುಟ ಅಲ್ಲ, ನಿಮ್ಮ ಪ್ರಾಜೆಕ್ಟಿನ ಅತಿ ಕಷ್ಟದ ಪರದೆ. ಹೋಮ್‌ಸ್ಟೇಗಾದರೆ ಬುಕಿಂಗ್ ಮತ್ತು ಪಾವತಿ. ಮೇಳಕ್ಕಾದರೆ ಕ್ಯಾಂಪ್ ಬದಲಾಯಿಸುವ ಪುಟ, ಅದೂ ಮ್ಯಾನೇಜರ ಫೋನಿನಲ್ಲೇ. ಮತ್ತು ಕನ್ನಡದಲ್ಲಿ. ಕನ್ನಡದಲ್ಲಿ ತುಂಬಿದಾಗ ಮಾತ್ರ ಕಾಣುವ ತೊಡಕುಗಳಿವೆ. ಶೀರ್ಷಿಕೆಯಿಂದ ಪುಟದ ವಿಳಾಸ ತಯಾರಿಸುವ ಜ್ಯಾಂಗೋದ ಸಾಧನಕ್ಕೆ ಕನ್ನಡ ಶೀರ್ಷಿಕೆ ಕೊಟ್ಟರೆ ಮೊದಲಿಗೆ ಏನೂ ಉಳಿಯುವುದಿಲ್ಲ, ಖಾಲಿ ಬರುತ್ತದೆ. ಯೂನಿಕೋಡ್ (ಲೋಕದ ಲಿಪಿಗಳ ಅಕ್ಷರಪಟ್ಟಿ) ಅಕ್ಷರಗಳನ್ನೂ ಉಳಿಸಿಕೋ ಅಂತ ಹೇಳಿದರೂ ಕೊಂಬು, ಗುಣಿತದ ಚಿಹ್ನೆಗಳನ್ನು ಅದು ಅಕ್ಷರ ಅಂತ ಎಣಿಸುವುದಿಲ್ಲ. ಉಡುಪಿ ಹೋಗಿ ಉಡಪ ಆಗುತ್ತದೆ. ಆ ತುಂಡನ್ನು ನೀವೇ ಬರೆಯಬೇಕು, ಅಥವಾ ವಿಳಾಸದಲ್ಲಿ ದಿನಾಂಕ ಮಾತ್ರ ಇಟ್ಟುಕೊಳ್ಳಬೇಕು. ಮೈಎಸ್‌ಕ್ಯೂಎಲ್ ಡೇಟಾಬೇಸ್ ಬಳಸುವುದಾದರೆ, ಅಕ್ಷರ ಉಳಿಸಿಡುವ ಅದರ ಹಳೆಯ ಕ್ರಮ ಯುಟಿಎಫ್8 ಒಂದೊಂದು ಅಕ್ಷರಕ್ಕೆ ಹೆಚ್ಚೆಂದರೆ ಮೂರು ಬೈಟ್ ಜಾಗ ಮಾತ್ರ ಕೊಡುತ್ತದೆ. ಕನ್ನಡ ಅಷ್ಟರಲ್ಲಿ ಕೂರುತ್ತದೆ. ಇಮೋಜಿ ಕೂರುವುದಿಲ್ಲ. 2024ರಲ್ಲಿ ಯೂನಿಕೋಡಿಗೆ ಸೇರಿದ ತುಳು ತಿಗಳಾರಿ ಲಿಪಿಗೂ ನಾಲ್ಕು ಬೈಟ್ ಬೇಕು. ಮುಂದೆ ಯಾರಾದರೂ ಮೇಳದ ಹೆಸರನ್ನು ಆ ಲಿಪಿಯಲ್ಲೂ ಹಾಕಿ ಅಂದರೆ, ಮೊದಲ ದಿನವೇ ನಾಲ್ಕು ಬೈಟಿನ ಯುಟಿಎಫ್8ಎಂಬಿ4 ಆರಿಸಿದ್ದವರಿಗೆ ಕೆಲಸ ಇರುವುದಿಲ್ಲ.